ಮಣೆಯಿಲ್ಲದ ಆಟ, ಒಡೆಯಬಾರದ ಗೂಡು

ಆಟವೆಂಬುದು ಕೇವಲ ಕಾಲಹರಣದ ಸಾಧನವಲ್ಲ. ಅದು ಬುದ್ಧಿಗೆ ಸಾಣೆ, ಮನಸ್ಸಿಗೆ ವಿಶ್ರಾಂತಿ, ಬಾಂಧವ್ಯಕ್ಕೆ ಬೆಸುಗೆ. ಈ ಸತ್ಯವನ್ನು ನಮ್ಮ ಹಿರಿಯರು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲವರಾಗಿದ್ದರು. ಗುಡಿಯ ಜಗಲಿಯ ಕಲ್ಲುಹಾಸಿನ ಮೇಲೆ ಹುಲಿ-ಕುರಿಯಾಟದ ಗೆರೆಗಳನ್ನು ಕೊರೆದವರು ಅವರೇ. ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಕವಡೆಗಳನ್ನು ಚೆಲ್ಲಿ, ಅಜ್ಜಿಯೂ ಮೊಮ್ಮಗಳೂ ಎದುರುಬದುರು ಕುಳಿತು ಗೆಲ್ಲುತ್ತ ಸೋಲುತ್ತ ಮಧ್ಯಾಹ್ನಗಳನ್ನು ಕಳೆಯುವ ಪರಿಪಾಠವನ್ನು ಬೆಳೆಸಿದವರೂ ಅವರೇ. ಆ ಆಟಗಳಲ್ಲಿ ಗೆಲುವಿಗಿಂತ ಮಿಗಿಲಾದ ಒಂದು ಲಾಭವಿತ್ತು. ಆಡುವವರಿಬ್ಬರೂ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿದ್ದರು.

ಈಗ ಅದೇ ಪಡಸಾಲೆಯಲ್ಲಿ ಮೂವರು ಕುಳಿತಿದ್ದರೆ ಮೂವರ ದೃಷ್ಟಿಯೂ ಮೂರು ಪರದೆಗಳ ಮೇಲಿರುತ್ತದೆ. ಮಕ್ಕಳಂತೂ ಮೊಬೈಲಿನೊಳಗೆ ಇರುವೆಗಳ ಗೂಡು ಕಟ್ಟುವ, ಹುಳುಗಳ ದಂಡನ್ನು ದಾರಿ ತೋರಿ ನಡೆಸುವ, ಪರಗೂಡಿನ ಮೇಲೆ ದಾಳಿಯಿಡುವ ಆಟಗಳಲ್ಲಿ ಮೈಮರೆಯುತ್ತಾರೆ. ಕೀಟಗಳ ಮೇಲಿನ ಈ ಅಕ್ಕರೆಯಲ್ಲಿ ದೋಷವೇನೂ ಇಲ್ಲ. ಸಾಲಿಟ್ಟು ಹೋಗುವ ಇರುವೆಯನ್ನು ಕಂಡು ನಿಂತು ನೋಡದ ಬಾಲಕನಾದರೂ ಯಾರು? ಆದರೆ ಎಲ್ಲ ಆಟಗಳೂ ಒಂದೇ ಬಗೆಯವಲ್ಲ. ಯಾವುದು ಮಗುವಿನ ಬುದ್ಧಿಯನ್ನು ಬೆಳೆಸುತ್ತದೆ, ಯಾವುದು ಅದರ ಹೊತ್ತನ್ನು ನುಂಗುತ್ತದೆ ಎಂಬುದನ್ನು ಅರಿಯದೆ ತಾಯ್ತಂದೆಯರು ಎಲ್ಲವನ್ನೂ ಬೈಯುವುದು ಅಥವಾ ಎಲ್ಲಕ್ಕೂ ಸಮ್ಮತಿಸುವುದು ಸರಿಯಲ್ಲ. ಆದ್ದರಿಂದ ಕೀಟಗಳನ್ನೇ ಕಾಯಿಗಳನ್ನಾಗಿ ಉಳ್ಳ ಒಂದು ಸತ್ತ್ವಯುತವಾದ ಆಟವನ್ನು ನಮ್ಮ ವಾಚಕ ಕುಟುಂಬಗಳಿಗೆ ಸಾದ್ಯಂತವಾಗಿ ಪರಿಚಯಿಸಬೇಕೆಂದು ನಾವು ಇಲ್ಲಿ ಯತ್ನಿಸಿದ್ದೇವೆ. ಅದರ ಹೆಸರು 'ಹೈವ್'. ಹೈವ್ ಎಂದರೆ ಜೇನುಗೂಡು.

ಮುಗಿಯದ ಆಟ, ಮುಗಿಯುವ ಆಟ

ಮೊದಲು ಒಂದು ಭೇದವನ್ನು ಗಮನಿಸೋಣ. ಮೊಬೈಲಿಗೆ ಪುಕ್ಕಟೆಯಾಗಿ ಬಂದಿಳಿಯುವ ಅನೇಕ ಗೂಡು ಕಟ್ಟುವ ಆಟಗಳಿಗೆ ಕೊನೆಯೆಂಬುದೇ ಇರುವುದಿಲ್ಲ. ಒಂದು ಕೋಣೆ ಕಟ್ಟಿದರೆ ಮತ್ತೊಂದು. ನೂರು ಇರುವೆಗಳಾದರೆ ಸಾವಿರ. ಕೋಣೆ ಸಿದ್ಧವಾಗಲು ಕೆಲವು ಗಂಟೆ ಕಾಯಬೇಕೆಂದು ಆಟವೇ ವಿಧಿಸುತ್ತದೆ. ಕಾಯಲಾರದವರು ಹಣ ತೆತ್ತು ಆ ಅವಧಿಯನ್ನು ಕಡಿಮೆ ಮಾಡಿಕೊಳ್ಳಬಹುದೆಂದೂ ಅದೇ ಸೂಚಿಸುತ್ತದೆ. ನಡುನಡುವೆ ಜಾಹೀರಾತುಗಳು ಬರುತ್ತವೆ. ಪುಕ್ಕಟೆ ಕೊಟ್ಟವನು ತನ್ನ ಖರ್ಚನ್ನೂ ಲಾಭವನ್ನೂ ಹಿಂಪಡೆಯುವ ದಾರಿಗಳು ಇವೇ. ಹೀಗಿರುವಾಗ 'ಇನ್ನೊಂದೇ ನಿಮಿಷ ಅವ್ವಾ' ಎಂದು ಮಗು ಹೇಳಿದರೆ ಅದು ಸುಳ್ಳು ಹೇಳುತ್ತಿದೆಯೆಂದು ಸಿಟ್ಟಾಗಬೇಕಿಲ್ಲ. ಮುಗಿಯುವ ಗಳಿಗೆಯೇ ಇಲ್ಲದ ಆಟವನ್ನು ಅದು ಯಾವ ಗಳಿಗೆಯಲ್ಲಿ ತಾನೇ ನಿಲ್ಲಿಸೀತು?

ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು ೨೦೨೫ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಅದು ಜೂಜಿನ ಮಾತು. ಮಗುವಿನ ಹೊತ್ತನ್ನು ಸವೆಸುವ ಆಟಕ್ಕೆ ಕಾಯ್ದೆ ಬೇಲಿ ಹಾಕಲಾರದು. ಅದಕ್ಕೆ ಮನೆಯವರ ವಿವೇಕವೇ ಬೇಲಿ. ಬೈಗುಳದಿಂದ ಬರಿದಾದ ಕೈಗೆ ಬೇರೊಂದನ್ನು ಕೊಡದಿದ್ದರೆ ಅದು ಪುನಃ ಮೊಬೈಲನ್ನೇ ಹುಡುಕುತ್ತದೆ. ಕೊಡಬಹುದಾದ ಒಂದು ಉತ್ತಮ ವಸ್ತುವೆಂದೇ ನಾವು ಹೈವ್ ಆಟವನ್ನು ಸೂಚಿಸುತ್ತಿದ್ದೇವೆ. ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮುಗಿದಾಗ ಗೆದ್ದವರು ಯಾರು, ಸೋತವರು ಯಾರು, ಏಕೆ ಸೋತರು ಎಂಬುದೆಲ್ಲ ಸ್ಪಷ್ಟವಾಗಿರುತ್ತದೆ.

ಆಟದ ಹುಟ್ಟು ಮತ್ತು ಸ್ವರೂಪ

ಈ ಆಟವನ್ನು ರಚಿಸಿದವರು ಇಂಗ್ಲೆಂಡಿನ ಜಾನ್ ಯಿಯಾನಿ ಎಂಬವರು. ಅದು ಮೊದಲು ಬೆಳಕು ಕಂಡದ್ದು ೨೦೦೧ರಲ್ಲಿ. ೨೦೦೬ರಲ್ಲಿ ಅಮೆರಿಕದ ಮೆನ್ಸಾ ಸಂಸ್ಥೆಯವರು ತಾವು ಆಯ್ದು ಶಿಫಾರಸು ಮಾಡುವ ಆಟಗಳ ಸಾಲಿಗೆ ಇದನ್ನು ಸೇರಿಸಿದರು. ಚದುರಂಗದಂತೆ ಇದು ಇಬ್ಬರ ಆಟ. ದಾಳವಿಲ್ಲ, ಕವಡೆಯಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ. ಅದೃಷ್ಟಕ್ಕೆ ಇಲ್ಲಿ ಪ್ರವೇಶವಿಲ್ಲ. ಆದರೆ ಚದುರಂಗಕ್ಕೆ ಇರುವಂತೆ ಇದಕ್ಕೆ ಮಣೆಯಿಲ್ಲ. ಕಾಯಿಗಳನ್ನು ಒಂದಕ್ಕೊಂದು ತಾಗಿಸಿ ಇಡುತ್ತ ಹೋದಂತೆ ಕಾಯಿಗಳೇ ಮಣೆಯಾಗುತ್ತವೆ. ಈ ಕಾಯಿಗಳ ಕೂಟಕ್ಕೇ 'ಗೂಡು' ಎಂದು ಹೆಸರು.

ಕಾಯಿಗಳು ಷಟ್ಕೋನಾಕಾರದ ಬಿಲ್ಲೆಗಳು. ಜೇನಿನ ಕಣದಂತೆ ಪ್ರತಿಯೊಂದಕ್ಕೂ ಆರು ಬದಿಗಳು. ಒಬ್ಬರಿಗೆ ಬಿಳಿಯ ೧೧ ಬಿಲ್ಲೆಗಳು, ಇನ್ನೊಬ್ಬರಿಗೆ ಕಪ್ಪಿನ ೧೧ ಬಿಲ್ಲೆಗಳು. ಆ ಹನ್ನೊಂದರಲ್ಲಿ ರಾಣಿಜೇನು ೧, ಜೇಡ ೨, ಜೀರುಂಡೆ ೨, ಮಿಡತೆ ೩, ಸೈನಿಕ ಇರುವೆ ೩. ಜೇಡವು ಎಂಟು ಕಾಲಿನ ಪ್ರಾಣಿಯಾದುದರಿಂದ ಶಾಸ್ತ್ರದೃಷ್ಟಿಯಿಂದ ಅದು ಕೀಟವಲ್ಲ. ಕೀಟಕ್ಕೆ ಆರೇ ಕಾಲು. ಈ ಮಾತನ್ನು ಮಕ್ಕಳಿಗೆ ಆಟದ ನಡುವೆಯೇ ಹೇಳಿಕೊಟ್ಟರೆ ಪಾಠವೂ ಆದಂತಾಗುತ್ತದೆ.

ಅಂಗಡಿಯ ಪೆಟ್ಟಿಗೆಯೇ ಬೇಕೆಂದಿಲ್ಲ. ಮನೆಯಲ್ಲಿ ಉಳಿದ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಎರಡು ಪದರವಾಗಿ ಅಂಟಿಸಿ ಬಿಲ್ಲೆಗಳನ್ನು ಮಾಡಿಕೊಳ್ಳಬಹುದು. ಕೈವಾರದಿಂದ ಎರಡೂವರೆ ಸೆಂಟಿಮೀಟರು ತ್ರಿಜ್ಯದ ವೃತ್ತವನ್ನು ಎಳೆಯಿರಿ. ಕೈವಾರವನ್ನು ಕದಲಿಸದೆ ಅದೇ ಅಳತೆಯಿಂದ ಪರಿಧಿಯ ಮೇಲೆ ಒಂದರ ನಂತರ ಒಂದು ಗುರುತು ಹಾಕುತ್ತ ಬಂದರೆ ಸರಿಯಾಗಿ ಆರು ಗುರುತುಗಳಾಗುತ್ತವೆ. ಅವುಗಳನ್ನು ನೇರ ಗೆರೆಗಳಿಂದ ಕೂಡಿಸಿದರೆ ಷಟ್ಕೋನ ಸಿದ್ಧ. ಒಂದನ್ನು ಕತ್ತರಿಸಿ ಅಚ್ಚಾಗಿಟ್ಟುಕೊಂಡು ಉಳಿದ ಇಪ್ಪತ್ತೊಂದನ್ನು ಅದರಂತೆಯೇ ಕತ್ತರಿಸಿ, ಎರಡು ಬಣ್ಣ ಬಳಿದು, ಮಕ್ಕಳ ಕೈಯಿಂದಲೇ ಕೀಟಗಳ ಚಿತ್ರ ಬರೆಸಿರಿ. ತಾನೇ ಮಾಡಿದ ಕಾಯಿಗಳಿಂದ ಆಡುವ ಮಗುವಿನ ಹುರುಪೇ ಬೇರೆ.

ಗುರಿ ಮತ್ತು ಮೂಲನಿಯಮಗಳು

ಎದುರಾಳಿಯ ರಾಣಿಯ ಆರು ಬದಿಗಳನ್ನೂ ಮುಚ್ಚುವುದೇ ಗೆಲುವು. ಮುಚ್ಚಿದ ಕಾಯಿಗಳು ಯಾರವಾದರೂ ಆಗಬಹುದು. ಎದುರಾಳಿಯ ಕಾಯಿಗಳೂ ಲೆಕ್ಕಕ್ಕೆ ಬರುತ್ತವೆ. ಒಂದೇ ನಡೆಯಿಂದ ಎರಡೂ ರಾಣಿಯರು ಮುಚ್ಚಿಹೋದರೆ ಆಟ ಸಮವಾಯಿತೆಂದು ತಿಳಿಯಬೇಕು. ಹುಲಿ-ಕುರಿಯಾಟವನ್ನು ಬಲ್ಲವರಿಗೆ ಈ ಭಾವ ಹೊಸದಲ್ಲ. ಅಲ್ಲಿಯೂ ಕುರಿಗಳು ಹುಲಿಯನ್ನು ಕೊಲ್ಲುವುದಿಲ್ಲ, ಕದಲದಂತೆ ಸುತ್ತುಗಟ್ಟುತ್ತವೆ. ಹೈವ್ ಆಟದಲ್ಲಿ ಒಂದು ಕಾಯಿಯೂ ಸಾಯುವುದಿಲ್ಲ. ಒಮ್ಮೆ ಇಟ್ಟ ಬಿಲ್ಲೆಯನ್ನು ಆಟ ಮುಗಿಯುವತನಕ ಹೊರತೆಗೆಯುವಂತಿಲ್ಲ.

ಪ್ರತಿ ಸರದಿಯಲ್ಲಿ ಎರಡರಲ್ಲಿ ಒಂದು ಕೆಲಸ ಮಾಡಬಹುದು: ಕೈಯಲ್ಲಿರುವ ಹೊಸ ಬಿಲ್ಲೆಯನ್ನು ಇಡುವುದು, ಇಲ್ಲವೆ ಇಟ್ಟಿರುವ ಬಿಲ್ಲೆಯನ್ನು ನಡೆಸುವುದು. ಎರಡೂ ಸಾಧ್ಯವಿಲ್ಲದಿದ್ದರೆ ಮಾತ್ರ ಸರದಿ ಎದುರಾಳಿಗೆ ಹೋಗುತ್ತದೆ. ಮೊದಲನೆಯವರು ಒಂದು ಬಿಲ್ಲೆಯನ್ನು ಇಟ್ಟ ಮೇಲೆ ಎರಡನೆಯವರು ತಮ್ಮದನ್ನು ಅದಕ್ಕೆ ತಾಗಿಸಿ ಇಡಬೇಕು. ಆಮೇಲೆ ಇಡುವ ಪ್ರತಿಯೊಂದು ಹೊಸ ಬಿಲ್ಲೆಯೂ ಸ್ವಪಕ್ಷದ ಬಿಲ್ಲೆಗೆ ತಾಗಬೇಕು. ಪರಪಕ್ಷದ ಬಿಲ್ಲೆಗೆ ತಾಗಬಾರದು. ಇದು ಇಡುವಾಗಿನ ನಿಯಮ ಮಾತ್ರ. ನಡೆಸುವಾಗ ಯಾರಿಗಾದರೂ ತಾಗಬಹುದು.

ರಾಣಿಯನ್ನು ಪ್ರತಿಯೊಬ್ಬರೂ ತಮ್ಮ ನಾಲ್ಕನೆಯ ಸರದಿಯೊಳಗೆ ಇಡಲೇಬೇಕು. ಸ್ವಂತ ರಾಣಿಯನ್ನು ಇಡುವವರೆಗೆ ತಮ್ಮ ಯಾವ ಕಾಯಿಯನ್ನೂ ನಡೆಸುವ ಅಧಿಕಾರವಿಲ್ಲ. ಸ್ಪರ್ಧೆಗಳಲ್ಲಿ ಮೊದಲ ಸರದಿಗೇ ರಾಣಿಯನ್ನು ಇಡಲು ಬಿಡುವುದಿಲ್ಲ. ಮನೆಯಲ್ಲಿಯೂ ಹಾಗೆಯೇ ಆಡುವುದು ಒಳ್ಳೆಯದು.

ಇನ್ನು ಈ ಆಟದ ಪ್ರಾಣವೆನ್ನಬಹುದಾದ ಎರಡು ಕಟ್ಟಳೆಗಳಿವೆ.

ಮೊದಲನೆಯದು, ಗೂಡು ಒಡೆಯಬಾರದು. ಎಲ್ಲ ಬಿಲ್ಲೆಗಳೂ ಸದಾ ಒಂದೇ ಕೂಟವಾಗಿರಬೇಕು. ಯಾವ ಬಿಲ್ಲೆಯನ್ನು ಎತ್ತಿದರೆ ಗೂಡು ಎರಡಾಗುತ್ತದೆಯೋ ಅದು ಎಷ್ಟೇ ಬಲಶಾಲಿಯಾಗಿದ್ದರೂ ಕದಲುವಂತಿಲ್ಲ. ಎತ್ತಿ ಇನ್ನೊಂದು ಕಡೆ ಇಟ್ಟಾಗ ಮತ್ತೆ ಕೂಡುತ್ತದೆಂಬ ವಾದವೂ ಸಲ್ಲದು. ನಡುವಿನ ಕ್ಷಣದಲ್ಲಿಯೂ ಗೂಡು ಒಂದಾಗಿಯೇ ಇರಬೇಕು.

ಎರಡನೆಯದು, ತೆವಳಲು ದಾರಿಯಿರಬೇಕು. ಮಿಡತೆ ಮತ್ತು ಜೀರುಂಡೆಗಳನ್ನು ಬಿಟ್ಟರೆ ಉಳಿದವು ನೆಲದ ಮೇಲೆ ಜಾರುತ್ತ ಹೋಗುವ ಕಾಯಿಗಳು. ಇಕ್ಕಟ್ಟಾದ ಸಂದಿಯೊಳಗೆ ಅವು ನುಗ್ಗಲಾರವು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವಿದೆ. ಕಾಯಿ ಈಗಿರುವ ಸ್ಥಾನ ಮತ್ತು ಹೋಗಬೇಕಾದ ಪಕ್ಕದ ಸ್ಥಾನ, ಇವೆರಡಕ್ಕೂ ತಾಗುವ ಸ್ಥಾನಗಳು ಎರಡೇ. ಆ ಎರಡೂ ತುಂಬಿದ್ದರೆ ಸಂದಿ ಇಕ್ಕಟ್ಟು, ಹೋಗಲಾಗದು. ಎರಡೂ ಖಾಲಿಯಿದ್ದರೆ ಕಾಯಿಯ ಕೈಹಿಡಿತ ಗೂಡಿನಿಂದ ತಪ್ಪುತ್ತದೆ, ಹೋಗಲಾಗದು. ಒಂದು ತುಂಬಿ ಒಂದು ಖಾಲಿಯಿದ್ದರೆ ಮಾತ್ರ ದಾರಿ ಸರಾಗ.

ಒಂದೊಂದು ಕೀಟಕ್ಕೂ ಒಂದೊಂದು ನಡಿಗೆ

ರಾಣಿಜೇನು ಒಂದು ಸರದಿಗೆ ಒಂದೇ ಹೆಜ್ಜೆ ಸರಿಯುತ್ತದೆ. ಒಂದು ಹೆಜ್ಜೆಯೆಂದು ಉಪೇಕ್ಷೆ ಬೇಡ. ಐದು ಬದಿ ಮುಚ್ಚುವ ಮೊದಲೇ ರಾಣಿ ಪಕ್ಕಕ್ಕೆ ಸರಿದರೆ ಎದುರಾಳಿಯ ನಾಲ್ಕಾರು ಸರದಿಗಳ ಶ್ರಮ ವ್ಯರ್ಥವಾಗುವುದುಂಟು.

ಸೈನಿಕ ಇರುವೆ ಗೂಡಿನ ಹೊರ ಅಂಚನ್ನು ಹಿಡಿದು ಎಷ್ಟು ದೂರವಾದರೂ ಹೋಗಬಲ್ಲದು. ಕಾಯಿಗಳಲ್ಲಿ ಇದಕ್ಕೇ ವೇಗ ಹೆಚ್ಚು. ಆದರೆ ಇಕ್ಕಟ್ಟಿನ ಒಳಸಂದಿಗಳಿಗೆ ಇದಕ್ಕೆ ಪ್ರವೇಶವಿಲ್ಲ.

ಜೇಡವು ಸರಿಯಾಗಿ ಮೂರು ಹೆಜ್ಜೆ ನಡೆಯಬೇಕು. ಎರಡಕ್ಕೆ ನಿಲ್ಲುವಂತಿಲ್ಲ, ನಾಲ್ಕಕ್ಕೆ ದಾಟುವಂತಿಲ್ಲ, ಬಂದ ಹೆಜ್ಜೆಯನ್ನೇ ತುಳಿದು ಹಿಂತಿರುಗುವಂತಿಲ್ಲ.

ಮಿಡತೆ ತೆವಳುವುದಿಲ್ಲ, ಹಾರುತ್ತದೆ. ತನಗೆ ತಾಗಿರುವ ಬಿಲ್ಲೆಯ ಮೇಲಿಂದ ನೇರ ಸಾಲಿನಲ್ಲಿ ಜಿಗಿದು, ಆ ಸಾಲಿನಲ್ಲಿ ಎದುರಾಗುವ ಮೊದಲನೆಯ ಖಾಲಿ ಸ್ಥಾನದಲ್ಲಿ ಇಳಿಯುತ್ತದೆ. ಕನಿಷ್ಠ ಒಂದು ಬಿಲ್ಲೆಯನ್ನಾದರೂ ದಾಟಬೇಕು. ಸುತ್ತಲೂ ಮುಚ್ಚಿದ ಕುಳಿಯೊಳಗೂ ಅದು ಇಳಿಯಬಲ್ಲದು.

ಜೀರುಂಡೆ ರಾಣಿಯಂತೆ ಒಂದೇ ಹೆಜ್ಜೆಯದು. ಆದರೆ ಪಕ್ಕದ ಬಿಲ್ಲೆಯ ಮೇಲೆ ಹತ್ತಬಲ್ಲದು. ಅದರ ಅಡಿಯಲ್ಲಿ ಸಿಕ್ಕ ಕಾಯಿ ಕದಲಲಾರದು. ಜೀರುಂಡೆ ಮೇಲಿರುವಷ್ಟು ಕಾಲ ಆ ಸ್ಥಾನ ಜೀರುಂಡೆಯ ಬಣ್ಣದ್ದೆಂದೇ ಎಣಿಕೆ. ಆದುದರಿಂದ ಎದುರಾಳಿಯ ಕಾಯಿಯ ಮೇಲೆ ನಮ್ಮ ಜೀರುಂಡೆ ಕುಳಿತರೆ ಅದರ ಪಕ್ಕದಲ್ಲಿಯೇ, ಬೇರೆ ಪರಬಣ್ಣ ತಾಗದ ಸ್ಥಾನಗಳಲ್ಲಿ, ಹೊಸ ಬಿಲ್ಲೆಗಳನ್ನು ಇಡಬಹುದು. ಎದುರಾಳಿಯ ರಾಣಿಯ ಮೇಲೆಯೇ ಅದು ಏರಿದರೆ ಆ ಪಕ್ಷಕ್ಕೆ ಸಂಕಟಕಾಲ ಬಂದಂತೆಯೇ ಸರಿ.

ಆರಂಭದ ಒಂದು ನಿದರ್ಶನ

ನಿಯಮಗಳನ್ನು ಎಷ್ಟು ಓದಿದರೂ ಒಂದು ಆಟವನ್ನು ಕಂಡಾಗಲೇ ಅವು ಮನದಟ್ಟಾಗುವುದು. ಬಿಲ್ಲೆಗಳನ್ನು ಮುಂದಿಟ್ಟುಕೊಂಡು ಇದನ್ನು ಓದಬೇಕೆಂದು ವಿನಂತಿಸುತ್ತೇವೆ.

ಬಿಳಿಯವರು ಮಿಡತೆಯನ್ನು ಇಡುತ್ತಾರೆ. ಕಪ್ಪಿನವರು ಅದರ ಬಲಕ್ಕೆ ಜೇಡವನ್ನು ತಾಗಿಸುತ್ತಾರೆ. ಎರಡನೆಯ ಸರದಿಯಲ್ಲಿ ಬಿಳಿಯವರು ಮಿಡತೆಯ ಎಡಕ್ಕೆ ತಮ್ಮ ರಾಣಿಯನ್ನೂ, ಕಪ್ಪಿನವರು ಜೇಡದ ಬಲಕ್ಕೆ ತಮ್ಮ ರಾಣಿಯನ್ನೂ ಇಡುತ್ತಾರೆ. ಈಗ ನಾಲ್ಕು ಬಿಲ್ಲೆಗಳು ಒಂದೇ ಸಾಲಿನಲ್ಲಿವೆ. ಎರಡು ತುದಿಗಳಲ್ಲಿ ಎರಡು ರಾಣಿಯರು. ಮೂರನೆಯ ಸರದಿಯಲ್ಲಿ ಬಿಳಿಯವರು ತಮ್ಮ ರಾಣಿಯ ಎಡಕ್ಕೆ ಒಂದು ಇರುವೆಯನ್ನು ಇಡುತ್ತಾರೆ. ಕಪ್ಪಿನವರೂ ಒಂದು ಇರುವೆಯನ್ನು ತೆಗೆದು ತಮ್ಮ ರಾಣಿಯ ಮೇಲ್ಬಲ ಬದಿಗೆ ಇಡುತ್ತಾರೆ.

ಇಲ್ಲಿ ಕ್ಷಣಕಾಲ ನಿಲ್ಲೋಣ. ಕಪ್ಪು ರಾಣಿ ಈಗ ಕದಲಬಲ್ಲಳೇ? ಇಲ್ಲ. ಏಕೆಂದರೆ ಅವಳ ಸ್ವಂತ ಇರುವೆ ಅವಳೊಬ್ಬಳನ್ನೇ ಹಿಡಿದು ನಿಂತಿದೆ. ಅವಳು ಸರಿದರೆ ಅದು ಗೂಡಿನಿಂದ ಬೇರೆಯಾಗುತ್ತದೆ. ಬಿಳಿ ರಾಣಿಯ ಸ್ಥಿತಿಯೂ ಅದೇ. ಎದುರಾಳಿ ಇನ್ನೂ ಕೈಯೆತ್ತಿಲ್ಲ. ನಮ್ಮವರೇ ನಮ್ಮ ರಾಣಿಯ ಕಾಲು ಕಟ್ಟಿದ್ದಾರೆ.

ನಾಲ್ಕನೆಯ ಸರದಿಯಲ್ಲಿ ಬಿಳಿಯವರು ತಮ್ಮ ಇರುವೆಯನ್ನು ಸಾಲಿನ ಕೆಳ ಅಂಚನ್ನು ಹಿಡಿದು ನಡೆಸಿ ಕಪ್ಪು ರಾಣಿಯ ಕೆಳಬಲ ಬದಿಗೆ ತಂದು ನಿಲ್ಲಿಸುತ್ತಾರೆ. ಒಂದೇ ನಡೆಯಿಂದ ಎರಡು ಫಲ: ಬಿಳಿ ರಾಣಿ ಬಿಡುಗಡೆಯಾದಳು, ಕಪ್ಪು ರಾಣಿಗೆ ಇನ್ನೊಂದು ಕಟ್ಟು ಬಿತ್ತು. ಕಪ್ಪು ರಾಣಿಯ ಆರು ಬದಿಗಳಲ್ಲಿ ಈಗ ಮೂರು ತುಂಬಿವೆ. ಆ ಮೂರರಲ್ಲಿ ಎರಡು ಅವಳ ಪಕ್ಷದವರಿಂದಲೇ ತುಂಬಿದವು.

ಕಪ್ಪಿನವರು ಹೆದರಬೇಕಿಲ್ಲ. ಅವರ ಇರುವೆ ತುದಿಯಲ್ಲಿರುವುದರಿಂದ ಸ್ವತಂತ್ರ. ಅದು ಹೊರಟು ಬಂದು, ಬಿಳಿ ಇರುವೆಯೊಂದನ್ನೇ ತಾಗುವಂತೆ ಅದರ ಹೊರಬದಿಗೆ ನಿಂತರೆ, ಬಿಳಿ ಇರುವೆ ಇದ್ದಲ್ಲಿಯೇ ಬಂದಿಯಾಗುತ್ತದೆ. ಕಪ್ಪು ರಾಣಿಯ ಒಂದು ಬದಿಯೂ ತೆರವಾಗುತ್ತದೆ. ಅಥವಾ ಅದು ಸಾಲಿನ ಇನ್ನೊಂದು ತುದಿಗೆ ಓಡಿ ಬಿಳಿ ರಾಣಿಯ ಹಿಂದೆ ನಿಂತು ಅವಳನ್ನೇ ಕಟ್ಟಬಹುದು. ಮೊದಲನೆಯದು ರಕ್ಷಣೆ, ಎರಡನೆಯದು ಪ್ರತಿದಾಳಿ. ಯಾವುದನ್ನು ಆರಿಸಬೇಕೆಂಬ ಆಲೋಚನೆಯಲ್ಲಿಯೇ ಈ ಆಟದ ಸ್ವಾರಸ್ಯವಿದೆ.

ಗೆಲುವಿನ ಕೆಲವು ಸೂತ್ರಗಳು

ಕಟ್ಟುವುದನ್ನು ಕಲಿಯಿರಿ. ಎದುರಾಳಿಯ ಬಲವಾದ ಕಾಯಿ ಅಂಚಿನಲ್ಲಿದ್ದಾಗ ಅದೊಂದನ್ನೇ ತಾಗುವಂತೆ ನಮ್ಮ ಕಾಯಿಯನ್ನು ನಿಲ್ಲಿಸಿದರೆ ಅದು ಅಲುಗುವುದಿಲ್ಲ. ಈ ಕೆಲಸಕ್ಕೆ ಜೇಡದಂಥ ಸಾಧಾರಣ ಕಾಯಿ ಸಾಕು. ಜೇಡವನ್ನು ಕೊಟ್ಟು ಇರುವೆಯನ್ನು ಕಟ್ಟಿದರೆ ಲಾಭ. ಇರುವೆಯನ್ನು ಕೊಟ್ಟು ಜೇಡವನ್ನು ಕಟ್ಟಿದರೆ ನಷ್ಟ.

ಇರುವೆಗಳನ್ನು ಬಂದಿಗಳಾಗಿಸಿಕೊಳ್ಳಬೇಡಿ. ಮೂರು ಇರುವೆಗಳಲ್ಲಿ ಒಂದಾದರೂ ಸ್ವತಂತ್ರವಾಗಿದ್ದರೆ ಆಟ ಕೈಯಲ್ಲಿದೆಯೆಂದು ತಿಳಿಯಬಹುದು. ಮೂರನ್ನೂ ಆರಂಭದಲ್ಲೇ ಇಟ್ಟು, ಮೇಲೆ ಬೇರೆ ಬಿಲ್ಲೆಗಳನ್ನು ಜೋಡಿಸಿ, ಅವುಗಳನ್ನು ನಡುವೆ ಸಿಕ್ಕಿಸಿಕೊಂಡವರು ತಮ್ಮ ಸೈನ್ಯವನ್ನು ತಾವೇ ಗೋಡೆಯೊಳಗಿಟ್ಟು ಕಟ್ಟಿದಂತೆ.

ಕೊನೆಯ ಕುಳಿಯನ್ನು ಮುಂಚೆಯೇ ಯೋಚಿಸಿ. ರಾಣಿಯ ಐದು ಬದಿ ಮುಚ್ಚಿದ ಮೇಲೆ ಆರನೆಯದು ಅನೇಕ ವೇಳೆ ಇಕ್ಕಟ್ಟಿನ ಕುಳಿಯಾಗಿರುತ್ತದೆ. ಇರುವೆ ಅಲ್ಲಿಗೆ ಹೋಗಲಾರದು. ಆ ಕುಳಿಗೆ ನೇರ ಸಾಲಿನಲ್ಲಿ ಒಂದು ಮಿಡತೆಯನ್ನು ಮೊದಲೇ ನಿಲ್ಲಿಸಿಟ್ಟವರು ಗೆಲ್ಲುತ್ತಾರೆ. ಮೂರು ಮಿಡತೆಗಳನ್ನೂ ಬೇಗನೆ ಖರ್ಚು ಮಾಡಿದವರು ಬಾಗಿಲಲ್ಲಿ ನಿಂತು ನೋಡುತ್ತಾರೆ.

ಜೀರುಂಡೆಗೆ ತಾಳ್ಮೆ ಬೇಕು. ಅದು ಸರದಿಗೆ ಒಂದೇ ಹೆಜ್ಜೆಯಿಡುವುದರಿಂದ ಗೂಡಿನ ಮೇಲೆ ಏರಿ ರಾಣಿಯತ್ತ ಸಾಗಲು ಹಲವು ಸರದಿಗಳು ಬೇಕಾಗುತ್ತವೆ. ಬೇಗ ಹೊರಡಿಸಬೇಕು. ಎದುರಾಳಿಯ ಜೀರುಂಡೆ ಏರಿ ಬರುತ್ತಿರುವುದನ್ನು ಕಂಡಾಗ ರಾಣಿಯನ್ನು ಸರಿಸುವ ದಾರಿಯನ್ನು ಹುಡುಕಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಹೊಸದಾಗಿ ಕಲಿತವರು ರಾಣಿಗೆ ಅಪಾಯ ಕಂಡೊಡನೆ ಅವಳನ್ನು ಕಾಯಲೆಂದು ತಮ್ಮ ಬಿಲ್ಲೆಗಳನ್ನು ಅವಳ ಸುತ್ತ ಜೋಡಿಸುತ್ತಾರೆ. ಚದುರಂಗದಲ್ಲಿ ಅರಸನ ಸುತ್ತ ಕಾಲಾಳುಗಳನ್ನು ನಿಲ್ಲಿಸಿ ಅಭ್ಯಾಸವಾದವರಂತೂ ಹೀಗೆ ಮಾಡದೆ ಇರುವುದಿಲ್ಲ. ಇಲ್ಲಿ ಅದೇ ಮೃತ್ಯು. ಕಾವಲಿಗೆ ನಿಂತ ನಾಲ್ವರು ತಮ್ಮವರಾದರೆ ಎದುರಾಳಿಗೆ ಉಳಿದ ಕೆಲಸ ಎರಡೇ ಬಿಲ್ಲೆಯದು. ರಾಣಿಯ ನಿಜವಾದ ರಕ್ಷಣೆ ಅವಳ ಸುತ್ತಲಿನ ಖಾಲಿ ಸ್ಥಳ. ಅವಳಿಗೆ ಸರಿಯಲು ಎಡೆಯಿರಬೇಕು. ಕಾಯುವವರು ದೂರದಲ್ಲಿದ್ದು, ಮುತ್ತಲು ಬರುವವರನ್ನು ಅಲ್ಲಿಯೇ ಕಟ್ಟಬೇಕು.

ಇದನ್ನು ಬರೆಯುವಾಗ ಆಟದಾಚೆಯ ವಿಚಾರವೊಂದು ನಮ್ಮ ಮನಸ್ಸಿನಲ್ಲಿ ಸುಳಿಯದೆ ಇರಲಿಲ್ಲ. ಮಗುವಿನ ಹಿತಕ್ಕಾಗಿ ಅಪ್ಪ ಒಂದು ಕಡೆ, ಅವ್ವ ಒಂದು ಕಡೆ, ಶಾಲೆ ಒಂದು ಕಡೆ, ಮನೆಪಾಠ ಒಂದು ಕಡೆ, ಹೀಗೆ ಸುತ್ತಲೂ ಪ್ರೀತಿಯಿಂದಲೇ ನಿಂತು, ಆ ಮಗುವಿಗೆ ಕಾಲಾಡಿಸಲು ಒಂದು ಬದಿಯನ್ನೂ ಉಳಿಸದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಉಳಿದ ಒಂದೇ ಸಂದಿಯಂತೆ ಮೊಬೈಲು ಕಾಣಿಸಿದಾಗ ಮಗು ಅದರೊಳಗೆ ನುಸುಳುತ್ತದೆ. ಅದರ ಕೈಯಿಂದ ಮೊಬೈಲನ್ನು ಕಸಿಯುವ ಮುನ್ನ ಅದಕ್ಕೆ ಬೇರೆ ಎಷ್ಟು ಬದಿಗಳನ್ನು ತೆರೆದಿಟ್ಟಿದ್ದೇವೆಂದು ಹಿರಿಯರು ಎಣಿಸಿ ನೋಡುವುದು ಯುಕ್ತ.

ಅನಂತರ ಸೇರಿದ ಮೂವರು

ಮೂಲದ ಐದು ಬಗೆಯ ಕಾಯಿಗಳಲ್ಲಿ ಕೈ ಪಳಗಿದವರಿಗಾಗಿ ಇನ್ನೂ ಮೂರು ಕಾಯಿಗಳನ್ನು ಆಮೇಲೆ ಸೇರಿಸಲಾಯಿತು. ೨೦೦೭ರಲ್ಲಿ ಸೊಳ್ಳೆ ಬಂತು. ಅದಕ್ಕೆ ಸ್ವಂತ ನಡಿಗೆಯಿಲ್ಲ. ತಾನು ತಾಗಿರುವ ಕಾಯಿಯ ನಡಿಗೆಯನ್ನು ಹೀರಿಕೊಳ್ಳುತ್ತದೆ. ಇರುವೆಯ ಪಕ್ಕದಲ್ಲಿದ್ದರೆ ಇರುವೆಯಂತೆ, ಮಿಡತೆಯ ಪಕ್ಕದಲ್ಲಿದ್ದರೆ ಮಿಡತೆಯಂತೆ. ೨೦೧೦ರಲ್ಲಿ ಗುಲಗಂಜಿ ಹುಳು ಬಂತು. ಅದು ಗೂಡಿನ ಮೇಲೆ ಎರಡು ಹೆಜ್ಜೆ ನಡೆದು ಮೂರನೆಯ ಹೆಜ್ಜೆಗೆ ಕೆಳಗಿಳಿಯುತ್ತದೆ. ಮುಚ್ಚಿದ ಕುಳಿಗಳಿಗೂ ಇಳಿಯಬಲ್ಲದು. ೨೦೧೩ರಲ್ಲಿ ಬಂದದ್ದು ಪಿಲ್‌ಬಗ್, ಎಂದರೆ ಮುಟ್ಟಿದೊಡನೆ ಉಂಡೆಯಾಗಿ ಸುತ್ತಿಕೊಳ್ಳುವ ಹುಳು. ಅದು ರಾಣಿಯಂತೆ ಒಂದು ಹೆಜ್ಜೆ ಸರಿಯುತ್ತದೆ, ಇಲ್ಲವೆ ತನ್ನ ಪಕ್ಕದ ಕಾಯಿಯೊಂದನ್ನು ತನ್ನ ಬೆನ್ನಿನ ಮೇಲಿಂದ ದಾಟಿಸಿ ಇನ್ನೊಂದು ಪಕ್ಕದ ಖಾಲಿ ಸ್ಥಾನಕ್ಕೆ ಇಳಿಸುತ್ತದೆ. ಸಂಕಟದಲ್ಲಿರುವ ರಾಣಿಯನ್ನು ಪಾರುಮಾಡಲು ಇದು ಬಲು ಉಪಯುಕ್ತ. ಜೇಡದಂತೆ ಇದೂ ಕೀಟವಲ್ಲ; ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ್ದು. ಕಲಿಯುವವರು ಮೊದಲ ತಿಂಗಳು ಈ ಮೂರರ ಗೊಡವೆಗೆ ಹೋಗದಿರುವುದು ಉತ್ತಮ.

ಮೊಬೈಲಿನಲ್ಲಿ ಆಡುವ ಬಗೆ

ಈ ಆಟಕ್ಕೆ ಮೊಬೈಲು, ಕಂಪ್ಯೂಟರುಗಳಲ್ಲಿ ಆಡುವ ರೂಪಗಳೂ ಇವೆ. 'ಬೋರ್ಡ್ ಗೇಮ್ ಅರೀನಾ' ಎಂಬ ಜಾಲತಾಣದಲ್ಲಿ ಬೇರೆ ಬೇರೆ ಊರುಗಳಲ್ಲಿರುವ ಇಬ್ಬರು ಇದನ್ನು ಆಡಬಹುದು. ಇಬ್ಬರೂ ಏಕಕಾಲಕ್ಕೆ ಕುಳಿತುಕೊಳ್ಳಬೇಕೆಂದಿಲ್ಲ. ಒಬ್ಬರು ಬೆಳಿಗ್ಗೆ ಒಂದು ನಡೆ ನಡೆಸಿದರೆ ಇನ್ನೊಬ್ಬರು ರಾತ್ರಿ ಉತ್ತರಿಸಬಹುದು. ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಕುಟುಂಬಗಳು ನಮ್ಮಲ್ಲಿ ಈಗ ಅನೇಕ. ವಾರಕ್ಕೊಮ್ಮೆ ಫೋನು ಮಾಡಿ 'ಊಟ ಆಯಿತೇ, ಮಳೆ ಬಂತೇ' ಎಂದು ಕೇಳಿದ ಮೇಲೆ ಮಾತು ಮುಗಿಯಿತೆಂದು ಕೊರಗುವ ಅಜ್ಜಂದಿರಿಗೆ ಮೊಮ್ಮಗನೊಡನೆ ನಡೆಯುತ್ತಿರುವ ಒಂದು ಆಟ ದಿನವೂ ಒಂದು ಮಾತನ್ನು ಒದಗಿಸಿಕೊಡುತ್ತದೆ.

ಆದರೆ ಕಲಿಯುವುದು ಮಾತ್ರ ಬಿಲ್ಲೆಗಳಿಂದಲೇ ಆಗಲಿ. ಮೊಬೈಲಿನಲ್ಲಿ ಕಾಯಿಯನ್ನು ಮುಟ್ಟಿದರೆ ಅದು ಹೋಗಬಹುದಾದ ಸ್ಥಾನಗಳನ್ನು ಯಂತ್ರವೇ ತೋರಿಸಿಬಿಡುವುದುಂಟು. ಅನುಕೂಲವೇನೋ ಹೌದು, ಆದರೆ ಗೂಡು ಒಡೆಯುವುದೇ, ಸಂದಿ ಇಕ್ಕಟ್ಟೇ ಎಂದು ತಾನೇ ಪರೀಕ್ಷಿಸುವ ಅಭ್ಯಾಸ ಮಗುವಿಗೆ ಬರುವುದಿಲ್ಲ. ಆ ಪರೀಕ್ಷೆಯೇ ಈ ಆಟದ ವಿದ್ಯೆ. ಮೊದಲ ಕೆಲವು ದಿನ ರಾಣಿ, ಇರುವೆ, ಮಿಡತೆಗಳಿಂದ ಮಾತ್ರ ಆಡಿಸಿ. ಅವು ಕೈಗೆ ಹತ್ತಿದ ಮೇಲೆ ಜೇಡವನ್ನೂ, ಕೊನೆಗೆ ಜೀರುಂಡೆಯನ್ನೂ ಸೇರಿಸಿ. ಮಗು ಎಲ್ಲ ಬಿಲ್ಲೆಗಳಿಂದ ಆಡಿ ಪಳಗಿದ ಮೇಲೆ ಮೊಬೈಲನ್ನು ಮೇಜಿನ ಮೇಲೆ ಇಬ್ಬರ ನಡುವೆ ಇಟ್ಟು ಆಡಿದರೂ ಬಾಧಕವಿಲ್ಲ. ಹಾಗೆ ನಡುವೆ ಇಟ್ಟ ಮೊಬೈಲು ಗೋಡೆಯಾಗುವುದಿಲ್ಲ, ಮಣೆಯಾಗುತ್ತದೆ.

ಒಂದು ಸಂಜೆಗೆ ಎರಡು ಆಟ ಸಾಕು. ಸೋತವರೇ ಮುಂದಿನ ಆಟದಲ್ಲಿ ಮೊದಲ ಬಿಲ್ಲೆಯನ್ನು ಇಡಲಿ. ಮಗು ಗೆಲ್ಲಲೆಂದು ಹಿರಿಯರು ಬೇಕೆಂದೇ ಸೋಲುವುದು ಬೇಡ. ಮಕ್ಕಳು ಅದನ್ನು ಬೇಗನೆ ಕಂಡುಹಿಡಿಯುತ್ತಾರೆ, ಆಮೇಲೆ ನಿಜವಾಗಿ ಗೆದ್ದಾಗಲೂ ಅವರಿಗೆ ಸಂತೋಷವಿರುವುದಿಲ್ಲ. ಅಜ್ಜಿಯರಿಗೆ ಈ ಆಟ ಬಾರದಿದ್ದರೆ ಮೊಮ್ಮಕ್ಕಳೇ ಅವರಿಗೆ ಗುರುಗಳಾಗಲಿ. ಕಲಿಸುವ ಮಗು ತಾನು ಕಲಿತದ್ದನ್ನು ಎರಡನೆಯ ಬಾರಿ ಕಲಿಯುತ್ತದೆ.

ಈ ಆಟದಲ್ಲಿ ಬಿಳಿಯರ ಗೂಡು ಬೇರೆ, ಕರಿಯರ ಗೂಡು ಬೇರೆ ಎಂದು ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಹಗೆಗಳಾಗಿ ಆಡುವ ಇಬ್ಬರೂ ಕಟ್ಟುವುದು ಒಂದೇ ಗೂಡನ್ನು. ಯಾರೂ ಅದನ್ನು ಒಡೆಯುವಂತಿಲ್ಲ. ಎಷ್ಟೇ ಜಿದ್ದಿನ ಆಟವಿರಲಿ, ಕೊನೆಯವರೆಗೂ ಈ ಕಟ್ಟಳೆ ಮೀರುವಂತಿಲ್ಲ. ಮನೆಯೊಳಗಿನ ಜಗಳಗಳಿಗೂ ಇಷ್ಟು ಕಟ್ಟಳೆಯಿದ್ದರೆ ಸಾಕೆಂದು ನಮಗೆ ತೋರುತ್ತದೆ. ಬರುವ ರಜೆಯ ದಿನಗಳಲ್ಲಿ ನಮ್ಮ ವಾಚಕರ ಮನೆಗಳಲ್ಲಿ ಹಳೆಯ ಲಗ್ನಪತ್ರಿಕೆಗಳು ಷಟ್ಕೋನಗಳಾಗಲಿ, ಅವುಗಳ ಸುತ್ತ ಮಕ್ಕಳೂ ಮುದುಕರೂ ಕೂಡಲಿ ಎಂದು ಹಾರೈಸುತ್ತೇವೆ.